ಸ್ಮೃತಿಯೋ ಸಂಸ್ಕಾರವೋ: ಸಂಕೇತಶಾಸ್ತ್ರದ ಒಂದು ಪರಿಭಾಷೆಯ ವಿಮರ್ಶೆ

ಎಲೆಕ್ಟ್ರಾನಿಕ್ ಸಿಟಿ ನೆನಪಿಲ್ಲದ ಊರು ಎಂಬ ಮಾತು ಈಚೆಗೆ ವಿದ್ಯಾವಂತರ ನಾಲಗೆಯ ಮೇಲೆ ನೆಲೆನಿಂತುಬಿಟ್ಟಿದೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ, 1970ರ ದಶಕದ ಕೊನೆಯಲ್ಲಿ, ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಸುಮಾರು 332 ಎಕರೆಗಳಲ್ಲಿ ನಿರ್ಮಿಸಲಾರಂಭಿಸಿದ ಈ ಕೈಗಾರಿಕಾ ನಗರಕ್ಕೆ ತನಗಿಂತ ಹಿಂದಿನದೇನೂ ತಿಳಿಯದು, ತಿಳಿಯಬೇಕಾದ ಅವಶ್ಯಕತೆಯೂ ಇಲ್ಲ ಎಂಬುದು ಈ ಮಾತಿನ ತಾತ್ಪರ್ಯ. ಹೊಗಳುವವರು ಇದನ್ನು ಗುಣವೆಂದು ಹೇಳುತ್ತಾರೆ. ತೆಗಳುವವರು ದೋಷವೆಂದು ಹೇಳುತ್ತಾರೆ. ಮಾತು ಮಾತ್ರ ಒಂದೇ. ಇತಿಹಾಸದ ಅಧ್ಯಾಪಕರೂ ಇದನ್ನು ತರಗತಿಯಲ್ಲಿ ಆಡುವುದುಂಟು. ನಾನೂ ಆಡಿದ್ದೇನೆ. ಆಡಿದ ಮಾತನ್ನು ಪರೀಕ್ಷಿಸದೆ ಬಿಡುವುದು ನಮ್ಮ ವೃತ್ತಿಗೆ ಒಪ್ಪತಕ್ಕದ್ದಲ್ಲವಾದ್ದರಿಂದ ಈ ಲೇಖನ.

ಪರೀಕ್ಷೆಗೆ ಬೇಕಾದ ಒರೆಗಲ್ಲು ಅದೇ ಊರಿನಲ್ಲಿಯೇ ದೊರೆಯುತ್ತದೆ. ಅಲ್ಲಿ ದುಡಿಯುವ ಇಂಜಿನಿಯರುಗಳಲ್ಲಿ ಅನೇಕರು ಕಾಲೇಜಿನಲ್ಲಿ ಓದಿ ಬಂದಿರುವ ಸಂಕೇತ ಸಂಸ್ಕರಣಶಾಸ್ತ್ರದಲ್ಲಿ ವ್ಯವಸ್ಥೆಗಳನ್ನು ಸ್ಮೃತಿಯುಕ್ತ ಮತ್ತು ಸ್ಮೃತಿರಹಿತ ಎಂದು ವಿಂಗಡಿಸುವ ಕ್ರಮವಿದೆ. ಓಪನ್‌ಹೈಮ್ ಮತ್ತು ವಿಲ್‌ಸ್ಕಿ ಅವರು 1983ರಲ್ಲಿ ಪ್ರಕಟಿಸಿದ 'ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್' ಎಂಬ ಪಠ್ಯಗ್ರಂಥ ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸುಪರಿಚಿತವಾದದ್ದು. ಅದರಲ್ಲಿ ಈ ವಿಭಾಗಕ್ರಮಕ್ಕೆ ಆರಂಭದ ಅಧ್ಯಾಯಗಳಲ್ಲಿಯೇ ಸ್ಥಾನ ದೊರೆತಿದೆ. ನಾವು ಉಪಮೆಯಾಗಿ ಬಳಸುವ ಶಬ್ದವನ್ನು ಅವರು ಲಕ್ಷಣಬದ್ಧವಾಗಿ ಬಳಸುತ್ತಾರೆ. ಹೀಗಿರಲು ಅವರ ಲಕ್ಷಣವನ್ನು ನಮ್ಮ ಮಾತಿಗೆ ಹಚ್ಚಿ ನೋಡುವುದು ನ್ಯಾಯ. ಇತಿಹಾಸದ ವಿದ್ಯಾರ್ಥಿ ಗಣಿತಶಾಸ್ತ್ರದ ಅಂಗಳಕ್ಕೆ ಕಾಲಿಡುವುದು ಅನಧಿಕಾರ ಚೇಷ್ಟೆಯೆಂದು ಕೆಲವರಿಗೆ ತೋರಬಹುದು. ಇಲ್ಲಿ ವಿಚಾರಿಸತಕ್ಕದ್ದು ಗಣಿತವನ್ನಲ್ಲ, ಒಂದು ಶಬ್ದವನ್ನು. ಶಬ್ದಗಳ ಮೇಲೆ ಎಲ್ಲರಿಗೂ ಅಧಿಕಾರವುಂಟು.

ಮೊದಲು ಲಕ್ಷಣ. ವ್ಯವಸ್ಥೆಯೊಂದಕ್ಕೆ ಏನನ್ನೋ ಕೊಡುತ್ತೇವೆ. ಅದು ಏನನ್ನೋ ಹೊರಗೆ ಕೊಡುತ್ತದೆ. ವಿದ್ಯಾರ್ಥಿಗಳು ಇನ್‌ಪುಟ್, ಔಟ್‌ಪುಟ್ ಎನ್ನುವ ಇವನ್ನು ಇಲ್ಲಿ ಆದಾನ, ಪ್ರದಾನ ಎಂದು ಕರೆಯುತ್ತೇನೆ. ಒಂದು ಕ್ಷಣದ ಪ್ರದಾನವು ಅದೇ ಕ್ಷಣದ ಆದಾನವೊಂದನ್ನೇ ಅವಲಂಬಿಸಿದ್ದರೆ ಆ ವ್ಯವಸ್ಥೆ ಸ್ಮೃತಿರಹಿತ; ಬೇರೆ ಕ್ಷಣದ ಆದಾನವನ್ನೂ ಅವಲಂಬಿಸಿದ್ದರೆ ಸ್ಮೃತಿಯುಕ್ತ. ವಿದ್ಯುನ್ಮಂಡಲದ ರೋಧಕ ಮೊದಲನೆಯದಕ್ಕೆ ಪ್ರಸಿದ್ಧ ಉದಾಹರಣೆ. ಈಗ ಹರಿಯುವ ಪ್ರವಾಹವೆಷ್ಟೋ ಅದಕ್ಕೆ ತಕ್ಕಷ್ಟು ವೋಲ್ಟೇಜು. ಒಂದು ಕ್ಷಣದ ಹಿಂದೆ ಹರಿದದ್ದರ ಗೊಡವೆ ಅದಕ್ಕಿಲ್ಲ. ಧಾರಕ, ಎಂದರೆ ಕೆಪಾಸಿಟರು, ಎರಡನೆಯದಕ್ಕೆ ಉದಾಹರಣೆ. ಅದರ ವೋಲ್ಟೇಜು ಈವರೆಗೆ ಹರಿದು ಬಂದ ಪ್ರವಾಹವೆಲ್ಲದರ ಒಟ್ಟು ಮೊತ್ತದಿಂದ ನಿರ್ಧಾರವಾಗುತ್ತದೆ. ಒಂದು ಕಿಲೋ ಓಮ್ ರೋಧಕದ ಮೂಲಕ ಒಂದು ಮೈಕ್ರೋಫ್ಯಾರಡ್ ಧಾರಕವನ್ನು ಬರಿದಾಗಲು ಬಿಟ್ಟರೆ, ಒಂದು ಮಿಲಿಸೆಕೆಂಡಿನಲ್ಲಿ ಅದರ ವೋಲ್ಟೇಜು ಮೊದಲಿದ್ದುದರ ಶೇಕಡಾ 37ರಷ್ಟಕ್ಕೆ ಇಳಿಯುತ್ತದೆ. ಐದು ಮಿಲಿಸೆಕೆಂಡುಗಳಲ್ಲಿ ಶೇಕಡಾ ಒಂದಕ್ಕಿಂತ ಕಡಮೆಯಾಗುತ್ತದೆ. ಹಿಂದಿನದು ಒಮ್ಮೆಲೆ ಅಳಿಯುವುದಿಲ್ಲ, ಕ್ರಮವಾಗಿ ಮಾಸುತ್ತದೆ. ಕೆಲವು ವ್ಯವಸ್ಥೆಗಳಲ್ಲಿ ಈ ಮಾಸುವಿಕೆಗೆ ಗಡುವುಂಟು: ಕಳೆದ ಮೂರು ದಿನಗಳ ಸರಾಸರಿಯನ್ನು ತೆಗೆಯುವ ವ್ಯವಸ್ಥೆಗೆ ನಾಲ್ಕನೆಯ ದಿನದ ಹಿಂದಿನದು ಇಲ್ಲವೇ ಇಲ್ಲ. ಬಂದುದನ್ನೆಲ್ಲ ಕೂಡಿಸುತ್ತ ಹೋಗುವ ಸಂಕಲಕಕ್ಕೆ ಗಡುವೂ ಇಲ್ಲ, ಮಾಸುವಿಕೆಯೂ ಇಲ್ಲ.

ಇದಕ್ಕಿಂತ ಲೌಕಿಕವಾದ ನಿದರ್ಶನ ಬೇಕೆನ್ನುವವರು ಹೊಸೂರು ರಸ್ತೆಯ ಮೇಲ್ಸೇತುವೆಯ ಸುಂಕದಕಟ್ಟೆಯನ್ನು ನೋಡಬಹುದು. 2010ರ ಜನವರಿಯಲ್ಲಿ ಸಂಚಾರಕ್ಕೆ ತೆರೆದ, ಸುಮಾರು 10 ಕಿಲೋಮೀಟರು ಉದ್ದದ ಆ ಸೇತುವೆಯ ಮೇಲೆ ಹೋಗುವ ವಾಹನ ಕಾರೋ ಲಾರಿಯೋ ಎಂಬುದನ್ನಷ್ಟೇ ನೋಡಿ ಸುಂಕ ಪಡೆದರೆ ಆ ಕಟ್ಟೆ ಸ್ಮೃತಿರಹಿತ. ಅದೇ ವಾಹನ ಸ್ವಲ್ಪ ಹೊತ್ತಿಗೆ ಮುಂಚೆ ಒಮ್ಮೆ ಹಾದುಹೋಗಿದೆಯೆಂದು ಮರುಪ್ರಯಾಣಕ್ಕೆ ರಿಯಾಯಿತಿ ಕೊಟ್ಟರೆ ಸ್ಮೃತಿಯುಕ್ತ. ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸುಂಕದ ದರವನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತಾರಷ್ಟೆ. ಹೋದ ವರ್ಷ ಒಂದು ದರ, ಈ ವರ್ಷ ಇನ್ನೊಂದು ದರ. ಹಾಗಾದಮಾತ್ರಕ್ಕೆ ಕಟ್ಟೆಗೆ ಸ್ಮೃತಿ ಬಂದಂತಾಯಿತೆ? ಇಲ್ಲ. ವ್ಯವಸ್ಥೆ ಕಾಲದೊಡನೆ ಬದಲಾಗುವುದು ಬೇರೆ, ಕಳೆದ ಕಾಲವು ಅದರೊಳಗೆ ಕೆಲಸ ಮಾಡುವುದು ಬೇರೆ. ಶಾಸ್ತ್ರಗ್ರಂಥಗಳು ಇವೆರಡನ್ನೂ ಬೇರೆ ಬೇರೆ ಪ್ರಕರಣಗಳಲ್ಲಿ ವಿವೇಚಿಸುತ್ತವೆ. ಪ್ರತಿಕ್ಷಣವೂ ಬದಲಾಗುತ್ತಿರುವ ವ್ಯವಸ್ಥೆಯೊಂದು ಪೂರ್ಣವಾಗಿ ಸ್ಮೃತಿರಹಿತವಾಗಿರಬಹುದು ಎಂಬುದು ಅವುಗಳ ಸ್ಪಷ್ಟ ಸಿದ್ಧಾಂತ.

ನಮ್ಮ ಸ್ಥಳೀಯ ಇತಿಹಾಸಗಳ ಬಹುಭಾಗ ಈ ಭೇದವನ್ನು ಕಾಣದೆ ಬರೆದದ್ದೆಂದು ನನಗೆ ತೋರುತ್ತದೆ. ಆಗ ಇಲ್ಲಿ ರಾಗಿಯ ಹೊಲವಿತ್ತು, ಈಗ ಗಾಜಿನ ಕಟ್ಟಡವಿದೆ; ಆಗ ಎತ್ತಿನ ಗಾಡಿ, ಈಗ ಮೇಲ್ಸೇತುವೆ; ಕಾಲ ಬದಲಾಯಿತು. ಇಂತಹ ಬರವಣಿಗೆ ಎಷ್ಟೇ ಕಾಲಾನುಕ್ರಮವಾಗಿದ್ದರೂ ಅದು ಚಿತ್ರಿಸುವುದು ಸ್ಮೃತಿರಹಿತ ವ್ಯವಸ್ಥೆಯನ್ನೇ. ಹಳೆಯ ಹೊಲ ಹೊಸ ಕಟ್ಟಡದಲ್ಲಿ ಯಾವ ರೀತಿಯಲ್ಲಿ ಇನ್ನೂ ಕೆಲಸ ಮಾಡುತ್ತಿದೆ ಎಂಬ ಪ್ರಶ್ನೆಯನ್ನು ಅದು ಎತ್ತುವುದೇ ಇಲ್ಲ. ಆಮೇಲೆ ಇದೇ ಲೇಖಕರು ಊರಿಗೆ ನೆನಪಿಲ್ಲವೆಂದು ಮರುಗುತ್ತಾರೆ! ನೆನಪನ್ನು ಕಳೆದದ್ದು ಊರಲ್ಲ, ಬರವಣಿಗೆಯ ಕ್ರಮ.

ಲಕ್ಷಣ ಹೀಗೆ ಉಪಯುಕ್ತವಾದುದು. ಆದರೆ ಅದಕ್ಕೆ ಇಟ್ಟ ಹೆಸರು ಸಮಂಜಸವೆ? ಇಲ್ಲಿಂದ ನನ್ನ ಆಕ್ಷೇಪ ಮೊದಲಾಗುತ್ತದೆ. 'ಮೆಮೊರಿ' ಎಂಬ ಶಬ್ದ ಯಂತ್ರಶಾಸ್ತ್ರಕ್ಕೆ ಸಹಜವಾಗಿ ಬಂದುದಲ್ಲ. 19ನೆಯ ಶತಮಾನದಲ್ಲಿ ಚಾರ್ಲ್ಸ್ ಬ್ಯಾಬೇಜ್ ತಾನು ಕಲ್ಪಿಸಿದ ಗಣಕದಲ್ಲಿ ಸಂಖ್ಯೆಗಳನ್ನು ಇಡುವ ಭಾಗವನ್ನು ಉಗ್ರಾಣವೆಂದು ಕರೆದನು, ಲೆಕ್ಕ ನಡೆಯುವ ಭಾಗವನ್ನು ಗಿರಣಿಯೆಂದು ಕರೆದನು. 1949ರಲ್ಲಿ ಕೇಂಬ್ರಿಜ್ಜಿನಲ್ಲಿ ಕೆಲಸಕ್ಕೆ ತೊಡಗಿದ ಎಡ್‌ಸ್ಯಾಕ್ ಗಣಕದ ನಿರ್ಮಾಪಕರೂ ಉಗ್ರಾಣವೆಂಬರ್ಥದ ಶಬ್ದವನ್ನೇ ಬಳಸುತ್ತಿದ್ದರು. ಆ ಉಗ್ರಾಣವಾದರೋ ಪಾದರಸ ತುಂಬಿದ ಕೊಳವೆಗಳಲ್ಲಿ ಶಬ್ದದ ಅಲೆಗಳನ್ನು ಸುತ್ತಿ ಸುತ್ತಿ ಹರಿಯಿಸಿ ಸಂಖ್ಯೆಗಳನ್ನು ಉಳಿಸಿಕೊಳ್ಳುವ ವಿಚಿತ್ರವಾದ ಏರ್ಪಾಟು. 1945ರಲ್ಲಿ ಫಾನ್ ನಾಯ್‌ಮನ್ ತನ್ನ ಪ್ರಸಿದ್ಧ ಕರಡು ವರದಿಯಲ್ಲಿ ಗಣಕದ ಅಂಗಗಳನ್ನು ನರಮಂಡಲದ ಅಂಗಗಳಿಗೆ ಹೋಲಿಸುತ್ತ ಸ್ಮೃತಿಯೆಂಬ ಶಬ್ದವನ್ನು ಬಳಸಿದನು. ಆ ಹೋಲಿಕೆ ಮರೆತುಹೋಗಿ ಶಬ್ದ ಉಳಿಯಿತು.

ಗಣಕದಲ್ಲಿ ಈ ಶಬ್ದ ಅಷ್ಟೇನೂ ಅನರ್ಥ ಮಾಡದು. ಅಲ್ಲಿ ನಿಜವಾಗಿಯೂ ಒಂದನ್ನು ಇಟ್ಟು, ಬೇಕೆಂದಾಗ ತೆಗೆಯುತ್ತಾರೆ. ಸಂಕೇತಶಾಸ್ತ್ರದಲ್ಲಿ ಹೇಳತಕ್ಕ ಸ್ಮೃತಿ ಇಂತಹುದಲ್ಲ. ಧಾರಕ ಏನನ್ನೂ ಜ್ಞಾಪಿಸಿಕೊಳ್ಳುವುದಿಲ್ಲ. ನಿನ್ನೆಯ ಪ್ರವಾಹ ಎಷ್ಟಿತ್ತೆಂದು ಕೇಳಿದರೆ ಅದು ಹೇಳಲಾರದು. ಹಿಂದಿನದು ಅದರಲ್ಲಿ ಸಂಗತಿಯಾಗಿ ಉಳಿದಿಲ್ಲ, ಪ್ರಭಾವವಾಗಿ ಉಳಿದಿದೆ.

ಇಟಲಿಯ ಗಣಿತಜ್ಞ ವಿಟೊ ವೊಲ್ಟೆರಾ 20ನೆಯ ಶತಮಾನದ ಆರಂಭದಲ್ಲಿ ಈ ವಿಷಯವನ್ನು ಕುರಿತು ಬರೆದಾಗ ಸ್ಮೃತಿಯೆಂಬ ಶಬ್ದಕ್ಕೆ ಬದಲಾಗಿ ಆನುವಂಶಿಕತೆ ಎಂಬರ್ಥದ ಶಬ್ದವನ್ನು ಆರಿಸಿಕೊಂಡನು. ಹಿಂದೆ ಎಷ್ಟೆಷ್ಟು ಬಾಗಿತ್ತು, ತಿರುಚಿತ್ತು ಎಂಬುದನ್ನೆಲ್ಲ ಅವಲಂಬಿಸಿ ಈಗ ವರ್ತಿಸುವ ಸ್ಥಿತಿಸ್ಥಾಪಕ ವಸ್ತುಗಳು ಅವನ ಉದಾಹರಣೆಗಳು. (ಮುಸೊಲಿನಿಯ ಸರ್ಕಾರ 1931ರಲ್ಲಿ ಪ್ರಾಧ್ಯಾಪಕರಿಂದ ನಿಷ್ಠೆಯ ಪ್ರಮಾಣವಚನ ಕೇಳಿದಾಗ ನಿರಾಕರಿಸಿದ ಕೆಲವೇ ಮಂದಿಯಲ್ಲಿ ಈತನೂ ಒಬ್ಬನೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ತಿಳಿದಿರಬೇಕು.) ಇಂದಿಗೂ ಸ್ಮೃತಿಯುಳ್ಳ ಅಸರಳ ವ್ಯವಸ್ಥೆಗಳನ್ನು ವರ್ಣಿಸುವ ಶ್ರೇಣಿಗೆ ಅವನದೇ ಹೆಸರಿದೆ. ಆದರೆ ಅವನ ಶಬ್ದ ಮಾತ್ರ ಬಳಕೆಯಿಂದ ಬಹುಮಟ್ಟಿಗೆ ಜಾರಿತು.

ಇದಕ್ಕಿಂತ ನಿಷ್ಕೃಷ್ಟವಾದ ಶಬ್ದ ನಮ್ಮ ದೇಶದಲ್ಲಿಯೇ ಉಂಟು. ವೈಶೇಷಿಕರು ಗುಣಗಳನ್ನು ಎಣಿಸುವಾಗ 'ಸಂಸ್ಕಾರ' ಎಂಬುದೊಂದನ್ನು ಹೇಳಿ ಅದನ್ನು ಮೂರಾಗಿ ವಿಭಾಗಿಸುತ್ತಾರೆ: ವೇಗ, ಭಾವನೆ, ಸ್ಥಿತಿಸ್ಥಾಪಕ. ಬಿಟ್ಟ ಬಾಣವನ್ನು ಮುಂದಕ್ಕೆ ಒಯ್ಯುವುದು ವೇಗ. ಹಿಂದಿನ ಅನುಭವದಿಂದ ಆತ್ಮನಲ್ಲಿ ನಿಂತು ಮುಂದೆ ನೆನಪಿಗೆ ಕಾರಣವಾಗುವುದು ಭಾವನೆ. ಬಗ್ಗಿಸಿದ ಕೊಂಬೆಯನ್ನು ಮೊದಲಿನ ನೆಲೆಗೆ ತರುವುದು ಸ್ಥಿತಿಸ್ಥಾಪಕ. ಪ್ರಶಸ್ತಪಾದನ ಗ್ರಂಥದಲ್ಲಿ ಕಾಣುವ ಈ ವಿಭಾಗ, ನಮ್ಮ ಸಂಸ್ಕೃತ ಪಾಠಶಾಲೆಗಳಲ್ಲಿ ಎಳೆಯರು ಓದುವ ಅನ್ನಂಭಟ್ಟನ ತರ್ಕಸಂಗ್ರಹದವರೆಗೆ ನಡೆದುಬಂದಿದೆ. ಬಾಣದ ಓಟ, ಮನಸ್ಸಿನ ನೆನಪು, ಕೊಂಬೆಯ ಸೆಟೆತ ಇವು ಮೂರನ್ನೂ ಒಂದೇ ಜಾತಿಗೆ ಸೇರಿಸಿದ್ದು ವಿಚಿತ್ರವೆಂದು ಆಧುನಿಕ ಓದುಗರಲ್ಲಿ ಕೆಲವರು ಹುಬ್ಬೇರಿಸುವುದುಂಟು. ಸಂಕೇತಶಾಸ್ತ್ರವನ್ನು ಓದಿದವನಿಗೆ ವಿಚಿತ್ರವೆನಿಸಲಾರದು. ಮೂರರಲ್ಲಿಯೂ ಆಗಿಹೋದ ಕ್ರಿಯೆಯೊಂದು ಈಗಿನ ವರ್ತನೆಯನ್ನು ನಿರ್ಧರಿಸುತ್ತಿದೆ. ಸ್ಮೃತಿಯನ್ನಾದರೋ ನೈಯಾಯಿಕರು ಬೇರೆಯಾಗಿಯೇ ಇಟ್ಟರು. ಅದು ಜ್ಞಾನ, ಸಂಸ್ಕಾರ ಅದಕ್ಕೆ ಕಾರಣ ಮಾತ್ರ. ಸಂಸ್ಕಾರವಿದ್ದೂ ಸ್ಮೃತಿ ಹುಟ್ಟದಿರಬಹುದು. ಕಾರಣವನ್ನು ಕಾರ್ಯದ ಹೆಸರಿನಿಂದ ಕರೆದದ್ದೇ ಇಂಜಿನಿಯರುಗಳ ಪರಿಭಾಷೆಯ ದೋಷವೆಂದು ನನ್ನ ಅಭಿಪ್ರಾಯ. ಧಾರಕದಲ್ಲಿರುವುದು ಸಂಸ್ಕಾರ, ಸ್ಮೃತಿಯಲ್ಲ.

ಕನ್ನಡದಲ್ಲಿ ಈ ಸಲಹೆಗೆ ಎರಡು ತೊಡಕುಗಳುಂಟು ಎಂಬುದನ್ನು ಮುಚ್ಚಿಡಬಾರದು. ಸಂಸ್ಕಾರವೆಂದೊಡನೆ ನಮ್ಮವರಿಗೆ ಕರ್ಮಾಂಗವೋ ನಡತೆಯೋ ನೆನಪಾಗುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ 1965ರ ಕಾದಂಬರಿ ನೆನಪಾಗುತ್ತದೆ. ಅಲ್ಲದೆ 'ಪ್ರೋಸೆಸಿಂಗ್' ಎಂಬುದಕ್ಕೆ ಸಂಸ್ಕರಣೆಯೆಂಬ ಶಬ್ದ ಈಗಾಗಲೇ ರೂಢಿಗೆ ಬಂದಿದೆ. ಎರಡನೆಯದು ನನಗೆ ತೊಡಕಾಗಿ ತೋರುವುದಿಲ್ಲ. ಸಂಕೇತವನ್ನು ಸಂಸ್ಕರಿಸುವ ಬಹುಪಾಲು ವ್ಯವಸ್ಥೆಗಳು ಸಂಸ್ಕಾರವುಳ್ಳವೇ ಆಗಿವೆ. ಶುದ್ಧ ಸ್ಮೃತಿರಹಿತ ವ್ಯವಸ್ಥೆ ಆದಾನವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು, ಕತ್ತರಿಸಬಹುದು. ಒಂದು ಸ್ವರವನ್ನು ಇನ್ನೊಂದು ಸ್ವರದಿಂದ ಬೇರ್ಪಡಿಸಿ ಸೋಸಿಕೊಡಲು ಅದಕ್ಕೆ ಶಕ್ತಿಯಿಲ್ಲ. ಸೋಸಬೇಕಾದರೆ ಹಿಂದಿನ ಕ್ಷಣಗಳು ಬೇಕು.

ಪಠ್ಯಗ್ರಂಥದ ಲಕ್ಷಣದಲ್ಲಿ ಇನ್ನೊಂದು ವಿಲಕ್ಷಣವಿದೆ. ಬೇರೆ ಕ್ಷಣದ ಆದಾನವನ್ನು ಅವಲಂಬಿಸಿದರೆ ಸ್ಮೃತಿಯುಕ್ತವೆಂದಷ್ಟೇ ಅದು ಹೇಳುತ್ತದೆ. ಆ ಬೇರೆ ಕ್ಷಣ ಹಿಂದಿನದೇ ಆಗಬೇಕೆಂದು ವಿಧಿಸುವುದಿಲ್ಲ. ನಾಳಿನ ಆದಾನವನ್ನು ಅವಲಂಬಿಸುವ ವ್ಯವಸ್ಥೆಯೂ ಈ ಲಕ್ಷಣದಂತೆ ಸ್ಮೃತಿಯುಕ್ತವೇ. ಭವಿಷ್ಯದ ಸ್ಮೃತಿ! ಗ್ರಂಥಕರ್ತರಿಗೆ ಇದರ ಅಸಹಜತೆ ಗೊತ್ತಿಲ್ಲದೆ ಇಲ್ಲ. ಅವರೇ ಅದನ್ನು ಪ್ರಸ್ತಾಪಿಸಿ, ಇದು ಲಕ್ಷಣದ ಶಾಸ್ತ್ರೀಯ ಪರಿಣಾಮವೆಂದು ಸಮಾಧಾನ ಹೇಳುತ್ತಾರೆ. ಶಬ್ದದ ದೃಷ್ಟಿಯಿಂದ ಈ ಸಮಾಧಾನ ದುರ್ಬಲವಾದರೂ ವಸ್ತುವಿನ ದೃಷ್ಟಿಯಿಂದ ಅವರು ಹೇಳುವುದು ಇತಿಹಾಸಕಾರನನ್ನು ಚುರುಕಾಗಿ ಮುಟ್ಟುತ್ತದೆ. ನಿನ್ನೆ, ಇಂದು, ನಾಳೆ ಈ ಮೂರರ ಸರಾಸರಿಯನ್ನು ಇಂದೇ ತೆಗೆಯಲು ಸಾಧ್ಯವಿಲ್ಲ. ಆದರೆ ದಾಖಲೆಯೆಲ್ಲ ಮುಗಿದ ಮೇಲೆ ಕುಳಿತು ಲೆಕ್ಕ ಹಾಕುವವನಿಗೆ ಯಾವ ಅಡ್ಡಿಯೂ ಇಲ್ಲ. ಪ್ರತಿಯೊಂದು ದಿನಕ್ಕೂ ಅದರ ನಾಳೆ ಅವನ ಕೈಯಲ್ಲಿದೆ. ಇತಿಹಾಸಕಾರ ಯಾವಾಗಲೂ ಹೀಗೆ ಆಮೇಲೆ ಕುಳಿತವನು. ಅವನ ಬಲವೂ ಇದೇ, ಅವನು ಜಾರುವ ಜಾಗವೂ ಇದೇ.

ಎಲೆಕ್ಟ್ರಾನಿಕ್ ಸಿಟಿಯ ಚರಿತ್ರೆ ಇದಕ್ಕೆ ಒಳ್ಳೆಯ ದೃಷ್ಟಾಂತ. ಕಿಯೋನಿಕ್ಸಿನ ಮೊದಲ ಮುಖ್ಯಸ್ಥರಾದ ಆರ್. ಕೆ. ಬಾಳಿಗರು ದೊಡ್ಡ ಕನಸನ್ನು ಕಂಡವರೆಂಬುದು ಒಪ್ಪತಕ್ಕ ಮಾತು. ಆದರೆ ಇಂದಿನ ಸಾಫ್ಟ್‌ವೇರ್ ರಫ್ತಿನ ನಗರವನ್ನೇ 1970ರ ದಶಕದಲ್ಲಿ ಎದುರಿಗಿಟ್ಟುಕೊಂಡು ನಕ್ಷೆ ಬರೆದರೆಂಬಂತೆ ಹೇಳುವ ಕಥನ ಪ್ರದಾನವನ್ನು ಭವಿಷ್ಯದ ಆದಾನದಿಂದ ಲೆಕ್ಕ ಹಾಕಿದ ಕಥನ. ಊರಿನ ಹೆಸರನ್ನೇ ನೋಡಬಹುದು. ಅದು ಎಲೆಕ್ಟ್ರಾನಿಕ್ ಉಪಕರಣಗಳ ಕೈಗಾರಿಕೆಯನ್ನು ಉದ್ದೇಶಿಸಿದ ಕಾಲದ ಹೆಸರು. ಆ ಕಾಲದ ಉದ್ದೇಶ ಹೆಸರಿನಲ್ಲಿ ಸಂಸ್ಕಾರವಾಗಿ ನಿಂತು, ಈಗ ಅಲ್ಲಿ ಮುಖ್ಯವಾಗಿ ನಡೆಯುವ ಕೆಲಸವನ್ನು ಅರ್ಧ ಮಾತ್ರ ಹೇಳುತ್ತಿದೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಕಥನವುಂಟು. ಅದು ಸ್ಮೃತಿರಹಿತ ವ್ಯವಸ್ಥೆಯ ಕಥನ. 1991ರಲ್ಲಿ ಆರ್ಥಿಕ ನೀತಿ ಬದಲಾಯಿತು, ಅದೇ ವರ್ಷ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಸ್ಥಾಪಿತವಾಯಿತು, ಕೂಡಲೇ ನಗರ ಬೆಳೆಯಿತು: ಆದಾನ, ಪ್ರದಾನ, ಮುಗಿಯಿತು. 1991ರ ನೀತಿ ದೇಶದ ಎಲ್ಲ ನಗರಗಳಿಗೂ ಏಕಕಾಲದಲ್ಲಿ ದೊರೆತ ಆದಾನ. ಪ್ರದಾನಗಳಾದರೋ ಒಂದೇ ಆಗಲಿಲ್ಲ. ಬೆಂಗಳೂರಿನಲ್ಲಿ 1909ರಿಂದ ಭಾರತೀಯ ವಿಜ್ಞಾನ ಸಂಸ್ಥೆ, 1940ರಿಂದ ಹಿಂದುಸ್ತಾನ್ ವಿಮಾನ ಕಾರ್ಖಾನೆ, 1948ರಿಂದ ದೂರವಾಣಿ ಕಾರ್ಖಾನೆ, 1954ರಿಂದ ಭಾರತ್ ಎಲೆಕ್ಟ್ರಾನಿಕ್ಸ್ ಒಂದರ ಮೇಲೊಂದು ಕೂಡುತ್ತ ಬಂದು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ವಿನ್ಯಾಸ ಕೇಂದ್ರವನ್ನು ತೆರೆಯುವ ವೇಳೆಗೆ ನುರಿತ ಕೆಲಸಗಾರರ, ತಾಂತ್ರಿಕ ಶಾಲೆಗಳ, ಬಿಡಿಭಾಗ ತಯಾರಿಸುವ ಸಣ್ಣ ಶೆಡ್ಡುಗಳ ಒಂದು ಸಂಚಯ ಏರ್ಪಟ್ಟಿತ್ತು. ನೀತಿ ಬಿದ್ದದ್ದು ಈ ಸಂಚಯದ ಮೇಲೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ನಗರ ನಗರಕ್ಕೆ ಪ್ರದಾನ ಬೇರೆಯಾದುದರಿಂದಲೇ ಸಂಸ್ಕಾರವಿದೆಯೆಂದು ಸಿದ್ಧವಾಗುವುದಿಲ್ಲ; ನಗರಗಳು ಬೇರೆ ಬೇರೆ ವ್ಯವಸ್ಥೆಗಳಾಗಿರಬಹುದಷ್ಟೆ. ಒಂದೇ ವ್ಯವಸ್ಥೆಗೆ ಎರಡು ಬೇರೆ ಭೂತಕಾಲಗಳನ್ನು ಕೊಟ್ಟು, ಆಮೇಲೆ ಒಂದೇ ಆದಾನವನ್ನು ಕೊಟ್ಟು ನೋಡುವುದು ಇಂಜಿನಿಯರನ ಪರೀಕ್ಷೆ. ಆ ಪರೀಕ್ಷೆಗೆ ನಮ್ಮಲ್ಲಿ ಅವಕಾಶವಿಲ್ಲ. ನಾವು ಮಾಡಬಹುದಾದದ್ದು ಸಂಚಯದ ಒಂದೊಂದು ಭಾಗವೂ ಯಾವ ದಾರಿಯಿಂದ ಮುಂದಿನದಕ್ಕೆ ಮುಟ್ಟಿತೆಂದು, ಯಾರು ಎಲ್ಲಿಂದ ಎಲ್ಲಿಗೆ ಕೆಲಸಕ್ಕೆ ಹೋದರೆಂದು, ಹೆಜ್ಜೆ ಹೆಜ್ಜೆಯಾಗಿ ತೋರಿಸುವುದು. ಪ್ರಯಾಸದ ಕೆಲಸ, ಈವರೆಗೆ ಆಗಿರುವುದು ಅಲ್ಪ.

ಹಿಂದಿನದು ಈಗಿನದರಲ್ಲಿ ಕೆಲಸ ಮಾಡುವುದೆಲ್ಲವೂ ಶ್ರೇಯಸ್ಕರವೆಂಬ ಭ್ರಮೆ ನಮ್ಮವರಲ್ಲಿ ಹೆಚ್ಚು. ಸಂಕೇತಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಎತ್ತರವಾದ ಕಟ್ಟಡಗಳ ನಡುವೆ ಮೊಬೈಲ್ ಫೋನಿಗೆ ಬರುವ ರೇಡಿಯೋ ಅಲೆ ನೇರವಾಗಿಯೂ ಬರುತ್ತದೆ, ಗೋಡೆಗಳಿಗೆ ತಾಕಿ ಪ್ರತಿಫಲಿಸಿ ತಡವಾಗಿಯೂ ಬರುತ್ತದೆ. ಈಗಿನ ಅಕ್ಷರದ ಮೇಲೆ ಹಿಂದಿನ ಅಕ್ಷರದ ಮರುದನಿ ಬಿದ್ದು ಎರಡೂ ಕೆಡುತ್ತವೆ. ಮಾರ್ಗಕ್ಕೇ ಸ್ಮೃತಿ ಬಂದಂತಾಯಿತು. ಇಲ್ಲಿ ಅದು ಉಪದ್ರವ. 1948ರಲ್ಲಿ ಶ್ಯಾನನ್ ತನ್ನ ಸಂವಹನ ಸಿದ್ಧಾಂತವನ್ನು ಕಟ್ಟಿದಾಗ ಒಂದೊಂದು ಅಕ್ಷರಕ್ಕೂ ಸ್ವತಂತ್ರವಾಗಿ ಕ್ಷೋಭೆ ತಗಲುವ ಸ್ಮೃತಿರಹಿತ ಮಾರ್ಗವನ್ನು ಮುಖ್ಯವಾಗಿ ವಿಚಾರಿಸಿದ್ದು ಸರಳತೆಗಾಗಿ. ನಿಜವಾದ ಮಾರ್ಗವನ್ನು ಆ ಸರಳತೆಯ ಹತ್ತಿರಕ್ಕೆ ತರಲು ಇಂಜಿನಿಯರುಗಳು ಬಹಳ ಶ್ರಮ ಪಡುತ್ತಾರೆ. ನಾಲ್ಕನೆಯ ತಲೆಮಾರಿನ ಮೊಬೈಲ್ ಜಾಲದಲ್ಲಿ ಒಂದೊಂದು ಸಂಕೇತಖಂಡದ ಮುಂದೆಯೂ ಸಾಮಾನ್ಯವಾಗಿ ಸುಮಾರು 4.7 ಮೈಕ್ರೋಸೆಕೆಂಡುಗಳ ಕಾವಲು ಅವಧಿಯನ್ನು ಇಡುತ್ತಾರೆ. ಅಷ್ಟರಲ್ಲಿ ಅಲೆ ಸುಮಾರು 1.4 ಕಿಲೋಮೀಟರು ಚಲಿಸುತ್ತದೆ. ನೇರ ದಾರಿಗಿಂತ ಅಷ್ಟು ದೂರ ಹೆಚ್ಚಾಗಿ ಸುತ್ತಿ ಬಂದ ಮರುದನಿಯೂ ಮುಂದಿನ ಖಂಡವನ್ನು ಮುಟ್ಟದೆ ಅಡಗುತ್ತದೆ. ಮರೆವಿಗಾಗಿ ಬಿಟ್ಟ ಬಿಡುವು ಅದು.

ಕಳೆದದ್ದು ಕಾಲಾಂತರದಲ್ಲಿ ಹಾಗೆಯೇ ಮರಳುವ ವ್ಯವಸ್ಥೆಯೂ ಒಂದುಂಟು. ಅದಕ್ಕೆ ಶುದ್ಧ ವಿಳಂಬವೆಂದು ಹೆಸರು: ಕೊಟ್ಟದ್ದನ್ನು ಏನೂ ಬದಲಿಸದೆ, ಗೊತ್ತಾದ ಅವಧಿಯ ಅನಂತರ ಹೊರಗೆ ಕೊಡುತ್ತದೆ, ನಡುವೆ ಮೌನ. ಎಲೆಕ್ಟ್ರಾನಿಕ್ ಸಿಟಿಗೆ ಕೆಲವೇ ಕಿಲೋಮೀಟರು ದೂರದ ಬೇಗೂರಿನಲ್ಲಿ, ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಗಂಗರ ಕಾಲದ ಶಾಸನ ಹೆಚ್ಚು ಕಡಮೆ ಇಂತಹುದು. ಸುಮಾರು ಕ್ರಿ.ಶ. 890ರದೆಂದು ವಿದ್ವಾಂಸರು ಎಣಿಸುವ ಆ ಕಲ್ಲಿನಲ್ಲಿ ಬೆಂಗಳೂರಿನಲ್ಲಿ ನಡೆದ ಕಾಳಗದ ಉಲ್ಲೇಖವಿದೆ. ಕಲ್ಲು ಸಾವಿರ ವರ್ಷ ಅಲ್ಲಿಯೇ ಇತ್ತು. ಆ ಅವಧಿಯಲ್ಲಿ ಜನ ಊರಿನ ಹೆಸರಿಗೆ ಹೊಯ್ಸಳ ಬಲ್ಲಾಳನ ಮತ್ತು ಬೆಂದ ಕಾಳಿನ ಕಥೆಯನ್ನು ಹೇಳಿಕೊಂಡು ಬಂದರು. ಆರ್. ನರಸಿಂಹಾಚಾರ್ಯರು 20ನೆಯ ಶತಮಾನದ ಎರಡನೆಯ ದಶಕದಲ್ಲಿ ಶಾಸನವನ್ನು ಬೆಳಕಿಗೆ ತಂದ ಮೇಲೆ, ಹೊಯ್ಸಳರಿಗಿಂತ ಹಳೆಯದಾದ ಹೆಸರಿಗೆ ಹೊಯ್ಸಳರ ಕಥೆ ಸಲ್ಲದೆಂಬುದು ತಿಳಿಯಿತು. ಓದದೆ ಇದ್ದಷ್ಟು ಕಾಲ ಆ ಕಲ್ಲು ಪ್ರದಾನದ ಮೇಲೆ ಯಾವ ಪ್ರಭಾವವನ್ನೂ ಬೀರಲಿಲ್ಲ. ಅಷ್ಟು ಕಾಲ ಅದು ದಾಖಲೆಯಾಗಿತ್ತು, ಸಂಸ್ಕಾರವಾಗಿರಲಿಲ್ಲ. ಸಂಸ್ಕಾರವಾಗಿದ್ದದ್ದು ಬೆಂದ ಕಾಳಿನ ಕಥೆಯೇ, ಅದು ಸುಳ್ಳಾದರೂ ಸಹ. ನಾವು ದಾಖಲೆಯನ್ನೇ ನೆನಪೆಂದು ತಿಳಿದು, ದಾಖಲೆ ಕಾಣದ ಕಡೆ ನೆನಪಿಲ್ಲವೆಂದು ತೀರ್ಪು ಕೊಡುವವರು; ಈ ಎರಡರ ಅಂತರ ಬೇಗೂರಿನ ಕಲ್ಲಿನಲ್ಲಿರುವಷ್ಟು ಸ್ಪಷ್ಟವಾಗಿ ಬೇರೆಡೆಯಲ್ಲಿ ಕಾಣುವುದು ಅಪರೂಪ.

ಇನ್ನು ಕೆರೆಯ ವಿಚಾರ. ಜೀವನದಿಯಿಲ್ಲದ ಈ ಪ್ರದೇಶದಲ್ಲಿ ಕೆರೆಗಳನ್ನು ಸರಪಣಿಯಾಗಿ ಕಟ್ಟಿದರು. ಮೇಲಿನದರ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಹರಿದು ಕೆಳಗಿನದಕ್ಕೆ ಸೇರುತ್ತದೆ. ದೊಡ್ಡತೋಗೂರು, ಹೆಬ್ಬಗೋಡಿ, ಹುಸ್ಕೂರು ಈ ಊರುಗಳಿಗೆಲ್ಲ ಕೆರೆಗಳುಂಟು. ಮಳೆ ಆದಾನ, ತೂಬು ಮತ್ತು ಕೋಡಿಯ ನೀರು ಪ್ರದಾನ. ಸಿಮೆಂಟು ಹಾಕಿದ ಅಂಗಳ ಬಹುಮಟ್ಟಿಗೆ ಸ್ಮೃತಿರಹಿತ: ಬಿದ್ದ ಮಳೆ ಬಿದ್ದ ಹಾಗೆಯೇ ಚರಂಡಿಗೆ. ಕೆರೆ ಹಾಗಲ್ಲ. ಅದರ ಪ್ರದಾನ ಈ ಹೊತ್ತಿನ ಮಳೆಯನ್ನಲ್ಲದೆ ಇಡೀ ಹಂಗಾಮಿನ ಮಳೆಯನ್ನು ಅವಲಂಬಿಸಿದೆ. ಕಾಲುವೆಯನ್ನು ಮುಚ್ಚಿ ಕೆರೆಯ ಅಂಗಳಕ್ಕೆ ಸಿಮೆಂಟು ಹಾಕುವುದೆಂದರೆ ಸಂಸ್ಕಾರವುಳ್ಳ ವ್ಯವಸ್ಥೆಯನ್ನು ತೆಗೆದು ಸಂಸ್ಕಾರವಿಲ್ಲದ್ದನ್ನು ಇಡುವುದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಮತ್ತು ಆಗ್ನೇಯ ಭಾಗಗಳ ಬಡಾವಣೆಗಳು ನೀರಿನಲ್ಲಿ ನಿಂತಾಗ ಇಂಜಿನಿಯರುಗಳೂ ಸಾಫ್ಟ್‌ವೇರ್ ಕೆಲಸಗಾರರೂ ಟ್ರಾಕ್ಟರುಗಳಲ್ಲಿ ಕುಳಿತು ಕಚೇರಿಗೆ ಹೋದದ್ದನ್ನು ವಾಚಕರು ಬಲ್ಲರು. ಊರಿಗೆ ನೆನಪಿಲ್ಲವೆಂದು ಆಗಲೂ ಪತ್ರಿಕೆಗಳು ಬರೆದವು. ಹಾಗಲ್ಲ, ತಗ್ಗು ಎಲ್ಲಿತ್ತೆಂಬುದು ನೆಲದಲ್ಲಿ ಪೂರ್ಣವಾಗಿ ಉಳಿದಿತ್ತು, ನೀರು ಅದರಂತೆಯೇ ನಡೆಯಿತು. ತಿಳಿವಿನಲ್ಲಿ ಸ್ಮೃತಿ ಹುಟ್ಟಲಿಲ್ಲ, ಸಂಸ್ಕಾರವೇನೋ ಇತ್ತು.

ಕೆರೆಯಲ್ಲಿಯೇ ಇಂಜಿನಿಯರನ ಲಕ್ಷಣದ ಮಿತಿಯೂ ಗೋಚರಿಸುತ್ತದೆ. ವಾರವಾರವೂ ನೀರಿನ ಅರ್ಧ ಹರಿದುಹೋಗಿ ಹೊಸ ಮಳೆ ಕೂಡುವ ಒಂದು ಕಲ್ಪಿತ ಕೆರೆಯನ್ನು ಊಹಿಸಿಕೊಳ್ಳೋಣ. ಮೊದಲ ವಾರ 8 ಅಡಿ ನೀರು ಬಂದು ಮುಂದೆರಡು ವಾರ ಮಳೆಯಿಲ್ಲವೆಂದರೆ ಮಟ್ಟ 8, 4, 2. ಮೊದಲ ವಾರ ಒಣಗಿದ್ದು ಎರಡನೆಯ ವಾರ 4 ಅಡಿ ಬಂದರೆ ಮಟ್ಟ 0, 4, 2. ಎರಡು ವಾರ ಏನೂ ಇಲ್ಲದೆ ಮೂರನೆಯ ವಾರ 2 ಅಡಿ ಬಂದರೂ ಮೂರನೆಯ ವಾರ ಮಟ್ಟ 2. ಮೂರು ಬೇರೆ ಬೇರೆ ಚರಿತ್ರೆಗಳು, ಒಂದೇ ಸ್ಥಿತಿ. ಇಲ್ಲಿಂದ ಮುಂದೆ ಮೂರು ಕೆರೆಗಳೂ ಒಂದೇ ರೀತಿ ವರ್ತಿಸುವುದರಿಂದ ಇಂಜಿನಿಯರನಿಗೆ ಅವು ಮೂರೂ ಒಂದೇ. ಸ್ಥಿತಿಯೆಂಬ ಒಂದು ಸಂಖ್ಯೆ ದೊರೆತರೆ ಅವನಿಗೆ ಭೂತಕಾಲ ಬೇಡ. ಮುಂದಿನದನ್ನು ಹೇಳಬೇಕಾದವನಿಗೆ ಇದು ಸರಿಯೇ. ಆದರೆ ಮೊದಲನೆಯ ಕೆರೆಯಲ್ಲಿ ಏರಿ ಒಡೆಯುವ ಭಯದಿಂದ ಜನ ರಾತ್ರಿಯೆಲ್ಲ ಮಣ್ಣಿನ ಚೀಲ ಹೊತ್ತಿರಬಹುದು. ಮೂರನೆಯದರಲ್ಲಿ ಹಾಕಿದ ಪೈರು ಒಣಗಿ ಹೋಗಿರಬಹುದು. ಇತಿಹಾಸಕಾರನಿಗೆ ಬೇಕಾದದ್ದು ಸ್ಥಿತಿಯಲ್ಲಿ ಕರಗಿ ಹೋದ ಈ ವ್ಯತ್ಯಾಸ. ಇದೇ ಪಠ್ಯಗ್ರಂಥದಲ್ಲಿ ಸ್ಮೃತಿಯ ಪ್ರಕರಣದ ಬೆನ್ನಿಗೇ ಬರುವ ವಿಲೋಮತೆಯ ಪ್ರಕರಣ ನಮ್ಮ ದಾರಿಯನ್ನು ಸೂಚಿಸುತ್ತದೆ. ಒಂದೇ ವಾರದ ಮಟ್ಟದಿಂದ ಮಳೆಯನ್ನು ಅರಿಯಲಾಗದು. ನೀರಗಂಟಿ ಪ್ರತಿವಾರದ ಮಟ್ಟವನ್ನೂ ಗುರುತು ಹಾಕಿಟ್ಟಿದ್ದರೆ, ಈ ವಾರದ ಮಟ್ಟದಿಂದ ಹೋದ ವಾರದ ಮಟ್ಟದ ಅರ್ಧವನ್ನು ಕಳೆದರೆ ಸಾಕು, ಮಳೆಯ ಲೆಕ್ಕ ಪೂರ್ಣವಾಗಿ ಹಿಂದಕ್ಕೆ ದೊರೆಯುತ್ತದೆ. ಸಂಸ್ಕಾರದಿಂದ ಸ್ಮೃತಿಗೆ ಹೋಗುವ ದಾರಿ ಈ ಗುರುತುಗಳ ಸಾಲು.

ಎಲೆಕ್ಟ್ರಾನಿಕ್ ಸಿಟಿಯ ಆಸುಪಾಸಿನಲ್ಲಿ ಅಂತಹ ಗುರುತುಗಳು ಇಲ್ಲದೆ ಇಲ್ಲ. 2025ರ ಆಗಸ್ಟಿನಲ್ಲಿ ಮೆಟ್ರೋದ ಹಳದಿ ಮಾರ್ಗ ತೆರೆದಾಗ ಒಂದು ನಿಲ್ದಾಣಕ್ಕೆ 'ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ' ಎಂದು ಹೆಸರಾಯಿತು; ಎರಡು ಕಾಲಗಳ ಆದಾನಗಳು ಒಂದೇ ಫಲಕದ ಮೇಲೆ ಕೂಡಿ ನಿಂತಿವೆ. ಫಲಕ ನಿಲ್ಲುತ್ತದೆ, ಅದಕ್ಕೆ ನಮ್ಮ ಸಹಾಯ ಬೇಡ. ಕೆರೆಯ ಹೂಳು ಮಾತ್ರ ಬೇರೆ. ನೀರಿನ ಮಟ್ಟ ಮರೆತ ಕ್ರಮವನ್ನು ಅದು ಪದರ ಪದರವಾಗಿ ಇಟ್ಟುಕೊಂಡಿದೆ: ದೊಡ್ಡ ಮಳೆಯ ವರ್ಷದ ಮರಳು, ಬರದ ವರ್ಷದ ಒಡಕು, ಮೇಲೆ ಈಚಿನ ಕಾಲದ ಕಪ್ಪು ಕೆಸರು. ಈಗ ಯಂತ್ರಗಳಿಂದ ಹೂಳೆತ್ತುವ ಕಾರ್ಯ ಅಲ್ಲಲ್ಲಿ ಭರದಿಂದ ನಡೆಯುತ್ತಿದೆ. ನೀರು ನಿಲ್ಲಬೇಕಾದರೆ ಹೂಳು ಹೋಗಲೇಬೇಕು, ಅದಕ್ಕೆ ನನ್ನ ಆಕ್ಷೇಪವಿಲ್ಲ. ಯಂತ್ರ ಬರುವ ಹಿಂದಿನ ದಿನ, ಏರಿಯ ಬಳಿ ಆಳೆತ್ತರದ ಒಂದು ಗುಂಡಿಯನ್ನು ತೋಡಿಸಿ, ಗೋಡೆಯ ಪದರಗಳನ್ನು ಅಳೆದು, ಬರೆದು, ಛಾಯಾಚಿತ್ರ ತೆಗೆಯಲು ನಾಲ್ವರು ವಿದ್ಯಾರ್ಥಿಗಳೂ ಒಂದು ಅಳತೆಯ ಪಟ್ಟಿಯೂ ಸಾಕು. ಬರುವ ಬೇಸಗೆಯಲ್ಲಿ ದೊಡ್ಡತೋಗೂರಿನ ಕೆರೆಯಿಂದ ಇದನ್ನು ಆರಂಭಿಸಬಹುದು.